ಗುಲ್ಬರ್ಗ ತಂಡವೂ ಸ್ಪರ್ಧೆಯ ಸಮತೆಯೂ

2022ನೆಯ ಇಸವಿಯ ಆಗಸ್ಟ್ 26ರ ರಾತ್ರಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಮನೀಷ್ ಪಾಂಡೆಯವರ ನಾಯಕತ್ವದಲ್ಲಿ ಆಡಿದ ಗುಲ್ಬರ್ಗ ಮಿಸ್ಟಿಕ್ಸ್ ತಂಡವು ಮಯಾಂಕ್ ಅಗರ್‌ವಾಲರ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್ನುಗಳಿಂದ ಸೋಲಿಸಿ, ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ತನ್ನ ಹಿಂದಿನ ಅಧ್ಯಕ್ಷರಾದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ ಸ್ಮರಣಾರ್ಥವಾಗಿ ಆ ವರ್ಷವೇ ಆರಂಭಿಸಿದ ಮಹಾರಾಜ ಟ್ರೋಫಿಯನ್ನು ಮೊಟ್ಟಮೊದಲು ಗೆದ್ದ ತಂಡವೆಂಬ ಕೀರ್ತಿಗೆ ಪಾತ್ರವಾಯಿತು. ಅದಕ್ಕೆ ಹಿಂದೆ, 2009ರಿಂದ 2019ರವರೆಗೆ ನಡುನಡುವೆ ನಿಂತು ನಡೆದ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಗುಲ್ಬರ್ಗದ, ಎಂದರೆ ಈಗಿನ ಕಲಬುರಗಿಯ, ಹೆಸರನ್ನು ಹೊತ್ತ ತಂಡವೇ ಇರಲಿಲ್ಲ. ಆದುದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕ್ರಿಕೆಟ್ ಪ್ರಿಯರು ತಮ್ಮದೆಂದು ಹೇಳಿಕೊಳ್ಳಬಹುದಾದ ಮೊದಲನೆಯ ತಂಡವು ಮೊದಲನೆಯ ವರ್ಷದಲ್ಲಿಯೇ ರಾಜಧಾನಿಯ ತಂಡವನ್ನು ರಾಜಧಾನಿಯ ನೆಲದಲ್ಲಿ ಗೆದ್ದಂತಾಯಿತು.

ಮರುವರ್ಷದ ಪಂದ್ಯಾವಳಿ ಆರಂಭವಾಗುವ ವೇಳೆಗೆ ಆ ಗೆಲುವಿನ ನಾಯಕರು ಗುಲ್ಬರ್ಗದಲ್ಲಿರಲಿಲ್ಲ. 2023ರಲ್ಲಿ ಅವರು ಹುಬ್ಬಳ್ಳಿ ಟೈಗರ್ಸ್ ತಂಡದ ನಾಯಕರಾಗಿ, ಅಂತಿಮ ಪಂದ್ಯದಲ್ಲಿ ಮೈಸೂರನ್ನು ಸೋಲಿಸಿ, ಅದೇ ಟ್ರೋಫಿಯನ್ನು ಹುಬ್ಬಳ್ಳಿಗೆ ಗೆದ್ದುಕೊಟ್ಟರು. ಇದರಲ್ಲಿ ಯಾರ ದ್ರೋಹವೂ ಇಲ್ಲ, ಯಾರ ಅಲಕ್ಷ್ಯವೂ ಇಲ್ಲ. ಮೊದಲ ವರ್ಷ ಆಟಗಾರರನ್ನು ವರ್ಗವರ್ಗವಾಗಿ ವಿಂಗಡಿಸಿ, ತಂಡಗಳು ಸರದಿಯಂತೆ ಆಯ್ದುಕೊಳ್ಳುವ ಪದ್ಧತಿಯಿದ್ದಿತು. ಎರಡನೆಯ ವರ್ಷ ತಂಡಗಳು ಖಾಸಗಿ ಮಾಲೀಕರ ಕೈಸೇರಿ, ಆರು ತಂಡಗಳಿಗೂ ತಲಾ 50 ಲಕ್ಷ ರೂಪಾಯಿಯ ಮಿತಿಯನ್ನು ವಿಧಿಸಿ, ಆಟಗಾರರನ್ನೆಲ್ಲ ಹರಾಜಿಗೆ ಇಡಲಾಯಿತು.

ಪಂದ್ಯಗಳು ನಡೆಯದಿರುವ ಹನ್ನೊಂದು ತಿಂಗಳಲ್ಲಿ ಒಂದು ತಂಡದ ಭವಿಷ್ಯವು ಹೇಗೆ ನಿರ್ಣಯವಾಗುವುದೆಂಬುದನ್ನು ಬಲ್ಲವರು ಈ 50 ಲಕ್ಷದ ಲೆಕ್ಕವನ್ನು ತಾಳ್ಮೆಯಿಂದ ನೋಡಬೇಕು. ಆ ಹರಾಜಿನಲ್ಲಿ ಶಿವಮೊಗ್ಗದವರು ಅಭಿನವ್ ಮನೋಹರರಿಗೆ 15 ಲಕ್ಷವನ್ನೂ, ಬೆಂಗಳೂರಿನವರು ಮಯಾಂಕ್ ಅಗರ್‌ವಾಲರಿಗೆ 14 ಲಕ್ಷವನ್ನೂ, ಗುಲ್ಬರ್ಗದವರು ದೇವದತ್ತ ಪಡಿಕ್ಕಲ್ಲರಿಗೆ 13.2 ಲಕ್ಷವನ್ನೂ ಕೊಟ್ಟರು. ಅಂದರೆ ಕೈಯಲ್ಲಿದ್ದ ಹಣದ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚನ್ನು ಒಬ್ಬ ಬ್ಯಾಟುಗಾರರ ಮೇಲೆ ವಿನಿಯೋಗಿಸಿ, ಉಳಿದ 36.8 ಲಕ್ಷದಲ್ಲಿ ಒಂದೂವರೆ ಡಜನ್ನಿನ ಸುಮಾರಿಗೆ ಬರುವ ತಂಡದ ಉಳಿದ ಸ್ಥಾನಗಳನ್ನೆಲ್ಲ ತುಂಬಬೇಕಾಯಿತು. ಶ್ರೇಷ್ಠ ಆಟಗಾರನೊಬ್ಬನು ತಂಡಕ್ಕೆ ಬಲವನ್ನು ತರುವುದು ನಿಜ. ಆದರೆ ಆಗಸ್ಟಿನಲ್ಲಿ ಭಾರತ 'ಎ' ತಂಡದಿಂದಲೋ ದುಲೀಪ್ ಟ್ರೋಫಿಯ ಆಯ್ಕೆಗಾರರಿಂದಲೋ ಕರೆ ಬಂದರೆ ಅವನು ಪಂದ್ಯಾವಳಿಯ ನಡುವೆಯೇ ಹೊರಟುಹೋಗಬಹುದು, ಮತ್ತು ಕೊನೆಯ ನಾಲ್ಕು ಓವರುಗಳನ್ನು ಎಸೆಯಬಲ್ಲ ಬೌಲರನನ್ನು ಕೊಳ್ಳುವಾಗ ಹಣದ ಚೀಲ ಬರಿದಾಗಿರಬಹುದು. ಕಡಮೆ ಬೆಲೆಗೆ ಸಿಕ್ಕುವ ತರುಣರನ್ನು ಯಾರು ಸರಿಯಾಗಿ ಗುರುತಿಸುವರೋ ಅವರ ತಂಡವೇ ಕೊನೆಗೆ ನಿಲ್ಲುವುದು. 2024ರಲ್ಲಿ ಗುಲ್ಬರ್ಗದ ಪರವಾಗಿ ಮೈಸೂರಿನ ವಿರುದ್ಧ ಔಟಾಗದೆ 104 ರನ್ ಹೊಡೆದು ಪಂದ್ಯವನ್ನು ಗೆಲ್ಲಿಸಿದ ಆರ್. ಸ್ಮರಣ್ ಆಗ ಇನ್ನೂ ಬೆಳೆಯುತ್ತಿದ್ದ ಹುಡುಗ. ಪಡಿಕ್ಕಲ್ಲರಂಥ ಖ್ಯಾತಿ ಅವರಿಗೆ ಇರಲಿಲ್ಲ.

ಆ 2024ರಲ್ಲಿಯೇ ತಂಡಗಳಿಗೆ ಕೆಲವು ಆಟಗಾರರನ್ನು ಹರಾಜಿಗೆ ಬಿಡದೆ ಉಳಿಸಿಕೊಳ್ಳಲು ಅವಕಾಶ ದೊರೆಯಿತು. ಉಳಿಸಿಕೊಳ್ಳುವುದೂ ಬಿಟ್ಟುಕೊಡುವುದೂ ಹೀಗೆ ಪ್ರತಿವರ್ಷದ ಕಠಿನ ಪ್ರಶ್ನೆಯಾಯಿತು. 2025ರ ಜುಲೈ ಹರಾಜಿನಲ್ಲಿ ಪಡಿಕ್ಕಲ್ ಅದೇ 13.2 ಲಕ್ಷಕ್ಕೆ ಹುಬ್ಬಳ್ಳಿಗೆ ಹೋದರು. ಮನೀಷ್ ಪಾಂಡೆ 12.2 ಲಕ್ಷಕ್ಕೆ ಮೈಸೂರಿಗೆ ಹೋದರು. ಇಷ್ಟೆಲ್ಲ ಸ್ಥಾನಾಂತರಗಳ ಫಲವೇನಾಯಿತೆಂದು ನೋಡಿದರೆ, 2022ರಲ್ಲಿ ಗುಲ್ಬರ್ಗ, 2023ರಲ್ಲಿ ಹುಬ್ಬಳ್ಳಿ, 2024ರಲ್ಲಿ ಕರುಣ್ ನಾಯರರ ಮೈಸೂರು, 2025ರಲ್ಲಿ ಮಂಗಳೂರು: ನಾಲ್ಕು ವರ್ಷಕ್ಕೆ ನಾಲ್ವರು ವಿಜೇತರು.

ಸ್ಪರ್ಧೆಯ ಈ ಸಮತೆಯನ್ನು ಕುರಿತ ಚಿಂತನೆಯು ಅತ್ಯಂತ ಆಳವಾಗಿ ನಡೆದಿರುವುದು ನಮ್ಮಲ್ಲಿ ಬಹುಮಂದಿ ನೋಡಿರದ ಬೇಸ್‌ಬಾಲ್ ಆಟದ ನಾಡಿನಲ್ಲಿ. ಅಮೆರಿಕದ ಬೇಸ್‌ಬಾಲ್ ಮಾಲೀಕರು 1879ರಷ್ಟು ಹಿಂದೆಯೇ ಒಂದು ಒಡಂಬಡಿಕೆಯನ್ನು ಮಾಡಿಕೊಂಡು, ಒಮ್ಮೆ ಸಹಿ ಹಾಕಿದ ಆಟಗಾರನು ಮಾಲೀಕನು ಬಿಡುವವರೆಗೂ ಬೇರೆ ತಂಡಕ್ಕೆ ಹೋಗಕೂಡದೆಂಬ ಕಟ್ಟಳೆಯನ್ನು ಕ್ರಮೇಣ ಎಲ್ಲ ಆಟಗಾರರ ಮೇಲೂ ಹೇರಿದರು; ಕೇಳಿದವರಿಗೆ, ಈ ಕಟ್ಟಳೆಯಿಲ್ಲದಿದ್ದರೆ ನ್ಯೂಯಾರ್ಕಿನಂಥ ಶ್ರೀಮಂತ ನಗರಗಳೇ ಉತ್ತಮ ಆಟಗಾರರನ್ನೆಲ್ಲ ಕೊಂಡುಬಿಡುವುವು ಎಂಬ ಸಮಾಧಾನವನ್ನು ಹೇಳುತ್ತಿದ್ದರು. ಅರ್ಥಶಾಸ್ತ್ರಜ್ಞ ಸೈಮನ್ ರೊಟೆನ್‌ಬರ್ಗ್ 1956ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಸಮಾಧಾನವು ನಿಲ್ಲತಕ್ಕದ್ದಲ್ಲವೆಂದು ವಾದಿಸಿದರು. ಕಟ್ಟಳೆಯಿರಲಿ ಇಲ್ಲದಿರಲಿ, ಆಟಗಾರನು ಕೊನೆಗೆ ಸೇರುವುದು ಅವನ ಆಟಕ್ಕೆ ಅತ್ಯಧಿಕ ಬೆಲೆ ಬರುವ ನಗರವನ್ನೇ. ಕಟ್ಟಳೆಯು ನಿರ್ಣಯಿಸುವುದು ಆ ಬೆಲೆಯು ಆಟಗಾರನ ಕೈಗೆ ಹೋಗಬೇಕೋ ಅವನನ್ನು ಮಾರುವ ಮಾಲೀಕನ ಕೈಗೆ ಹೋಗಬೇಕೋ ಎಂಬುದನ್ನು ಮಾತ್ರ. ಬಾಸ್ಟನ್ನಿನ ಮಾಲೀಕನು ಖ್ಯಾತ ಆಟಗಾರ ಬೇಬ್ ರೂತ್‌ನನ್ನು ನ್ಯೂಯಾರ್ಕಿಗೆ ಮಾರಿದುದು ಈ ಕಟ್ಟಳೆಯು ಪೂರ್ಣವಾಗಿ ಜಾರಿಯಲ್ಲಿದ್ದಾಗಲೇ. ನ್ಯೂಯಾರ್ಕ್ ಯಾಂಕೀಸ್ 1947ರಿಂದ 1964ರವರೆಗಿನ 18 ವರ್ಷಗಳಲ್ಲಿ 15 ಬಾರಿ ತನ್ನ ಲೀಗನ್ನು ಗೆದ್ದುದೂ ಆಗಲೇ.

ಕಟ್ಟಳೆಯನ್ನು ಪ್ರತಿಭಟಿಸಿದ ಆಟಗಾರ ಕರ್ಟ್ ಫ್ಲಡ್ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತನು. ಮೂರು ವರ್ಷಗಳ ತರುವಾಯ ಪಂಚಾಯಿತಿದಾರರೊಬ್ಬರ ತೀರ್ಪಿನಿಂದ ಆ ಶೃಂಖಲೆ ಕಳಚಿತು. ಈಗ ಅಲ್ಲಿ ಆರು ವರ್ಷ ಆಡಿದವನು ಸ್ವತಂತ್ರನು. ತಂಡಗಳ ವೆಚ್ಚಕ್ಕೆ ಕಡ್ಡಾಯವಾದ ಮಿತಿಯಿಲ್ಲ, ಮಿತಿಮೀರಿದವರಿಗೆ ತೆರಿಗೆ ಮಾತ್ರ ಉಂಟು. ಮಹಾವೆಚ್ಚದ ಲಾಸ್ ಏಂಜಲೀಸ್ ಡಾಡ್ಜರ್ಸ್ ಲೀಗುಗಳ ವಿಜೇತರ ನಡುವೆ ನಡೆಯುವ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನು 2024 ಮತ್ತು 2025ರಲ್ಲಿ ಸಾಲಾಗಿ ಗೆದ್ದಿತು. ಆ ದೃಷ್ಟಿಯಿಂದ ನಮ್ಮ ಮಹಾರಾಜ ಟ್ರೋಫಿಯ ಕಟ್ಟುನಿಟ್ಟಾದ ಸಮಾನ ಮಿತಿಯು ಬೇಸ್‌ಬಾಲಿಗಿಂತ ನ್ಯಾಯಸಮ್ಮತವಾದ ಏರ್ಪಾಡೆಂದೇ ನನ್ನ ಅಭಿಪ್ರಾಯ.

ಆದರೆ ಈ ಸಮತೆಯು ಯಾರ ನಡುವಣ ಸಮತೆ? ಆರು ತಂಡಗಳ ನಡುವಣದು. ತಂಡಗಳ ಹೆಸರಿನ ಆರು ಸೀಮೆಗಳ ನಡುವಣದಲ್ಲ. ಗುಲ್ಬರ್ಗ ಮಿಸ್ಟಿಕ್ಸ್ 2025ರವರೆಗೆ ಆಡಿದ ಪಂದ್ಯಗಳು ಮೈಸೂರಿನಲ್ಲಿ, ಇಲ್ಲವೆ ಬೆಂಗಳೂರಿನಲ್ಲಿ. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿದವನು ತನ್ನ ತಂಡದ ಆಟವನ್ನು ಕಣ್ಣಾರೆ ಕಾಣಲು ಐದುನೂರು ಕಿಲೋಮೀಟರಿಗೂ ಮಿಕ್ಕ ದೂರ ಸಾಗಬೇಕು, ಚಿಂಚೋಳಿಯವನಿಗಾದರೆ ಊರಿನಲ್ಲಿ ಹತ್ತಲು ರೈಲೇ ಇಲ್ಲ. ತನ್ನ ವಲಯದ ಕೆಲವರನ್ನು ತಂಡಕ್ಕೆ ಸೇರಿಸಿಕೊಳ್ಳಬೇಕೆಂಬ ನಿಯಮವಿದ್ದರೂ ತಂಡದ ಭಾರವನ್ನು ಹೊರುವವರು ಬೆಂಗಳೂರಿನ ಕ್ಲಬ್ಬುಗಳಲ್ಲಿ ಪಳಗಿದವರೇ. ಗಂಜಿನಲ್ಲಿ, ಎಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿಯ ತೂಕ ಎಷ್ಟೇ ಪ್ರಾಮಾಣಿಕವಾಗಿರಲಿ, ಬಿತ್ತದ ಹೊಲದಿಂದ ಅಲ್ಲಿಗೆ ಚೀಲ ಬರಲಾರದು.

ಸೀಮೆಗಳ ನಡುವಣ ಅಸಮತೆಯನ್ನು ಪರಿಶೀಲಿಸಿದ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದೂ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿದಾಗ, ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಗುಲ್ಬರ್ಗ ವಿಭಾಗದವಾಗಿದ್ದುವು. ಸಂವಿಧಾನದ 371(ಜೆ) ವಿಧಿಯು ಆ ಅಸಮತೆಯ ಪರಿಹಾರಕ್ಕಾಗಿ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಈ ಸೀಮೆಯವರಿಗೆ ಪಾಲನ್ನು ಕಲ್ಪಿಸಿತು. ಆಟದಲ್ಲಿ ಅಂಥ ಏರ್ಪಾಡು ಇನ್ನೂ ಆಗಬೇಕಾಗಿದೆ. ಗದಗಿನ ಸುನೀಲ್ ಜೋಶಿಯವರು ಬಾಲ್ಯದಲ್ಲಿ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಮರಳಿ ಶಾಲೆ ಸೇರುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ; ಅಷ್ಟು ದೂರದಲ್ಲಾದರೂ ಒಂದು ಹುಬ್ಬಳ್ಳಿ ಇದ್ದುದರಿಂದಲೇ ಅವರು ಭಾರತ ತಂಡದವರೆಗೆ ಏರಿದರು. ಸೇಡಮಿನ ಹುಡುಗನಿಗೆ ಅಂಥ ಹುಬ್ಬಳ್ಳಿ ಯಾವುದು? ಅವನು ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ ಸೇರಿದವನು. ಬೀದರಿನಿಂದ ತುಂಗಭದ್ರೆಯವರೆಗೆ ಹರಡಿದ ಆ ವಲಯದ ಆಯ್ಕೆಗೆ ಹೋಗಿಬರುವ ಖರ್ಚೇ ಬಡವನ ಮನೆಗೆ ಭಾರ.

ಇದಕ್ಕೆ ದಾರಿಯನ್ನು ಬೇಸ್‌ಬಾಲೇ ತೋರಿಸಿದೆ. ಸೇಂಟ್ ಲೂಯಿಸ್ ನಗರದ ತಂಡವನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ, ನ್ಯೂಯಾರ್ಕಿನೊಡನೆ ಹಣದಲ್ಲಿ ಸ್ಪರ್ಧಿಸಲಾರದುದನ್ನು ಕಂಡು, 1920ರ ದಶಕದಲ್ಲಿ ಸಣ್ಣಪುಟ್ಟ ಊರುಗಳ ಕೆಳದರ್ಜೆಯ ತಂಡಗಳಲ್ಲಿ ಪಾಲು ಕೊಂಡು, ಅಲ್ಲಿ ಹುಡುಗರನ್ನು ವರ್ಷಗಟ್ಟಲೆ ಪಳಗಿಸಿ ಮೇಲಕ್ಕೆ ತರುವ ವ್ಯವಸ್ಥೆಯನ್ನು ಕಟ್ಟಿದನು. 1926ರಿಂದ 1946ರೊಳಗೆ ಆ ತಂಡವು 9 ಬಾರಿ ಲೀಗನ್ನೂ 6 ಬಾರಿ ವರ್ಲ್ಡ್ ಸೀರೀಸನ್ನೂ ಗೆದ್ದಿತು. ಡೊನೋರ ಎಂಬ ಕಾರ್ಖಾನೆಯ ಊರಿನಲ್ಲಿ, ತಂತಿ ಗಿರಣಿಯ ಕೂಲಿಯ ಮಗನಾಗಿ ಹುಟ್ಟಿದ ಸ್ಟ್ಯಾನ್ ಮ್ಯೂಸಿಯಲ್ ಈ ವ್ಯವಸ್ಥೆಯನ್ನು ಸೇರಿದುದು ಚೆಂಡೆಸೆಯುವವನಾಗಿ. 1940ರಲ್ಲಿ ಬಿದ್ದು ಭುಜಕ್ಕೆ ಪೆಟ್ಟಾದಾಗ ಅವನನ್ನು ಮನೆಗೆ ಕಳುಹದೆ ಬ್ಯಾಟುಗಾರನನ್ನಾಗಿ ತಿದ್ದಿದರು. ಮುಂದೆ ಅವನು ಅದೇ ತಂಡಕ್ಕಾಗಿ 22 ಋತುಗಳನ್ನು ಆಡಿದನು. ಸಿಮೆಂಟಿನ ವಾಡಿಯಲ್ಲಿ, ಕಲ್ಲುಗಣಿಗಳ ಶಹಾಬಾದಿನಲ್ಲಿ ಅಂಥ ಮನೆಗಳು ಎಷ್ಟಿಲ್ಲ!

ರಿಕಿಯ ಶ್ರಮಕ್ಕೆ ಫಲ ದೊರೆತುದು, ಹಿಂದೆ ಹೇಳಿದ ಕಟ್ಟಳೆಯ ಬಲದಿಂದ ತಾನು ಬೆಳೆಸಿದವನು ತನ್ನಲ್ಲಿಯೇ ಉಳಿಯುವನೆಂಬ ಭರವಸೆ ಇದ್ದುದರಿಂದ ಎಂಬುದನ್ನು ಮರೆಯಲಾಗದು. ನಮ್ಮಲ್ಲಿ ಮಾಲೀಕನೊಬ್ಬನು ಚಿತ್ತಾಪುರದಲ್ಲಿ ಪಿಚ್ಚು ಹಾಕಿಸಿ, ತರಬೇತುದಾರನನ್ನು ನೇಮಿಸಿ ಹುಡುಗನೊಬ್ಬನನ್ನು ಸಿದ್ಧಗೊಳಿಸಿದರೆ, ಉಳಿಸಿಕೊಳ್ಳಬಹುದಾದ ಕೆಲವರಲ್ಲಿ ಅವನು ಸೇರದಿದ್ದರೆ ಮುಂದಿನ ಹರಾಜಿನಲ್ಲಿ ಅವನನ್ನು ಯಾರು ಬೇಕಾದರೂ ಕೊಳ್ಳಬಹುದು. ಹೀಗಿರುವಾಗ ಬೆಳೆಸುವ ವೆಚ್ಚವನ್ನು ಹೊರಲು ಯಾರೂ ಮುಂದಾಗದಿರುವುದು ಸಹಜ. ರಾಜ್ಯ ಸಂಸ್ಥೆಯು ನಿಯಮವನ್ನು ಈ ಒಂದು ಅಂಶದಲ್ಲಿ ತಿದ್ದಬಹುದು: ತನ್ನ ವಲಯದಲ್ಲಿ, ತನ್ನ ವೆಚ್ಚದಲ್ಲಿ ತರಬೇತಿ ಕೊಟ್ಟ ಇಬ್ಬರನ್ನು ತಂಡವು ಮೂರು ವರ್ಷಗಳ ಕಾಲ, ಹಣದ ಮಿತಿಯಿಂದ ಹೊರಗೆ, ಆಟಗಾರನ ಒಪ್ಪಿಗೆಯಿಂದ ಹಾಗೂ ಯೋಗ್ಯ ಸಂಭಾವನೆಯಿಂದ ಉಳಿಸಿಕೊಳ್ಳಲಿ. ಆ ಅವಧಿಯಾದ ಮೇಲೆ ಅವರು ಹರಾಜಿಗೆ ಹೋಗಿ ತಮ್ಮ ಪೂರ್ಣ ಬೆಲೆಯನ್ನು ಪಡೆಯಲಿ; ಅವರು ತೆರವು ಮಾಡಿದ ಎರಡು ಸ್ಥಾನಗಳಿಗೆ ಚಿಂಚೋಳಿಯಿಂದಲೋ ಸೇಡಮಿನಿಂದಲೋ ಮತ್ತಿಬ್ಬರನ್ನು ಸಿದ್ಧಪಡಿಸುವ ಹೊಣೆಯು ತಂಡದ್ದಾಗಿರುವುದು.