‘ವಂಕಾಯ’ ಅಂದರೆ ಸುಮ್ಮನಿದ್ದ, ‘ಬದನೆಕಾಯಿ’ ಅಂದರೆ ಬೆರಳಿಟ್ಟ

ಇದು ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಯಲ್ಲ, ಮಡಕಶಿರಾ ಸೀಮೆಯ ನಮ್ಮ ಗುಡಿಬಂಡೆ. ಮೊದಲು ಅನಂತಪುರ ಜಿಲ್ಲೆ, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಬೋರ್ಡು ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಅಡಿಗೆಮನೆಯಲ್ಲಿ ಕನ್ನಡ.

ನಮ್ಮ ಬೀದಿಯ ಅಜ್ಜಿಯೊಬ್ಬಳು ಎಂಟು ವರ್ಷದ ಮೊಮ್ಮಗನನ್ನು ತಪಾಸಣಾ ಶಿಬಿರಕ್ಕೆ ಕರೆದುಕೊಂಡು ಹೊರಟಾಗ, ಅರ್ಜಿ ತುಂಬಲು ನಾನೂ ಜೊತೆಗೆ ಹೋಗಿದ್ದೆ. ಹುಡುಗನಿಗೆ ಮಾತು ತಡವಾಗಿ ಬಂತು, ಕಲಿಕೆ ನಿಧಾನ. ಮೇಡಂ ತರಕಾರಿ ಚಿತ್ರಗಳ ಹಾಳೆ ಮುಂದಿಟ್ಟು, ‘ವಂಕಾಯ ಎಕ್ಕಡುಂದಿ?’ ಅಂತ ಕೇಳಿದರು. ಹುಡುಗ ಅವರ ಮುಖವನ್ನೇ ನೋಡಿದ. ಇನ್ನೊಮ್ಮೆ ಕೇಳಿದರು. ಉತ್ತರವಿಲ್ಲ. ಪೆನ್ನು ಹಾಳೆಗೆ ತಾಗುವಷ್ಟರಲ್ಲಿ ಅಜ್ಜಿ ತಡೆಯಲಾರದೆ, ‘ಬದ್ನೆಕಾಯಿ ಎಲ್ಲೈತೆ ತೋರ್ಸೋ ಮಗಾ’ ಅಂದಳು. ಹುಡುಗ ತಟ್ಟನೆ ಬದನೆಕಾಯಿ ಮೇಲೆ ಬೆರಳಿಟ್ಟ!

ನಾವು ಅಂಗಡಿ-ಮಂಡಿಗೆ ಹೋಗಿ ಬರುವ ಜನ, ಎರಡು ಭಾಷೆ ತಾನಾಗಿ ಬರುತ್ತದೆ. ಮನೆ ಬಿಟ್ಟು ಹೋಗದ ಇಂಥ ಮಗುವಿಗೆ ಅಜ್ಜಿಯ ಮಾತೊಂದೇ ಭಾಷೆ. ಮೇಡಂ ಅವರನ್ನು ನಾನು ದೂರುವುದಿಲ್ಲ. ಓದಿದವರು, ಲೈಸನ್ಸು ಇದ್ದವರು, ತಾಳ್ಮೆಯೂ ಇತ್ತು. ಕನ್ನಡ ಒಂದಿರಲಿಲ್ಲ.

ಲೈಸನ್ಸೇ? ಮೇಷ್ಟ್ರಿಗೆ ಎಂಥ ಲೈಸನ್ಸು ಎಂದು ಕೇಳುವವರಿದ್ದಾರೆ. ಗೊಬ್ಬರದಂಗಡಿಗೆ ಬೇಕು, ಲಾರಿ ಓಡಿಸಲು ಬೇಕು, ಹಾಗೇ ವಿಶೇಷ ಮಕ್ಕಳಿಗೆ ಪಾಠ ಹೇಳಲೂ ಬೇಕು. ಭಾರತೀಯ ಪುನರ್ವಸತಿ ಮಂಡಳಿಯ ಕಾಯ್ದೆ ಬಂದದ್ದು 1992ರಲ್ಲಿ, ಜಾರಿಯಾದದ್ದು 1993ರ ಜೂನ್‌ನಲ್ಲಿ. ಮಂಡಳಿ ಒಪ್ಪಿದ ಕೋರ್ಸು ಓದಿ, ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ಬರೆಸಿದವರೇ ವಿಶೇಷ ಶಿಕ್ಷಕರು. ಹೆಸರಿಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ ಈಗ ಯಾವ ಲೆಕ್ಕ, ಅದು ಬೇರೆ ಮಾತು.

ನಮ್ಮಂಥ ಗಡಿಯವರಿಗೆ ಇದರಲ್ಲೊಂದು ಅನುಕೂಲವಿದೆ. ಈ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ಇಲ್ಲಿ ಹೆಸರು ಬರೆಸಿದವರು ಶಿರಾದಲ್ಲೂ ಕೆಲಸ ಮಾಡಬಹುದು, ಮಧುಗಿರಿಯಲ್ಲೂ ಮಾಡಬಹುದು. ಸರಕಾರಿ ನೌಕರಿಗೆ ಮಾತ್ರ ಆಯಾ ರಾಜ್ಯದ ಪರೀಕ್ಷೆ, ನಿಯಮ ಬೇರೆ ಇರುತ್ತವೆ.

ಆದರೆ ಆ ರಿಜಿಸ್ಟರು ತರಬೇತಿಯನ್ನು ಕೇಳುತ್ತದೆಯೇ ಹೊರತು ಮಗುವಿನ ಮನೆಮಾತು ನಿಮಗೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಈ ತೊಡಕು ಹಳೆಯದು. ಬಿನೆ ಎಂಬ ಫ್ರೆಂಚ್ ವಿದ್ವಾಂಸರ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿದರು. ಮಗುವಿನ ಬುದ್ಧಿಯನ್ನು ಮಗುವಿನ ಮಾತಿನಲ್ಲೇ ಅಳೆಯಬೇಕು ಎಂಬುದು ಅವರಿಗೆ ಗೊತ್ತಿತ್ತು. ಪರೀಕ್ಷೆ ಕನ್ನಡದಲ್ಲಿದ್ದರೇನು, ಕೇಳುವವರಿಗೂ ಕನ್ನಡ ಬರಬೇಕಲ್ಲ!

ಕುರುಡು ಮಕ್ಕಳ ವಿಷಯದಲ್ಲಿ ಗಡಿ ಇಷ್ಟು ಗಟ್ಟಿಯಾಗಿಲ್ಲ. 1951ರಿಂದ ದೇಶಕ್ಕೆಲ್ಲ ಒಂದೇ ಭಾರತಿ ಬ್ರೈಲ್. ಕನ್ನಡದ ‘ಕ’ಗೂ ತೆಲುಗಿನ ‘ಕ’ಗೂ ಅವೇ ಚುಕ್ಕಿಗಳು. ಬೆರಳಿಗೆ ಲಿಪಿಭೇದವಿಲ್ಲ. ಬುದ್ಧಿ ಬೆಳವಣಿಗೆ ನಿಧಾನವಾದ ಮಗುವಿಗೆ ಇಂಥ ಅನುಕೂಲವಿಲ್ಲ. ಅನ್ನ ಕಲಸಿ ತಿನ್ನುವುದು, ಗುಂಡಿ ಹಾಕುವುದು, ಚಿಲ್ಲರೆ ಎಣಿಸುವುದು, ಎಲ್ಲವನ್ನೂ ಬಾಯಿಮಾತಿನಲ್ಲಿ ನೂರು ಸಲ ಹೇಳಿಯೇ ಕಲಿಸಬೇಕು.

ಹಾಗಾದರೆ ನಮ್ಮೂರಿನವರೇ ಯಾಕೆ ಕಲಿಯಬಾರದು? ಇಂಟರ್ ಪಾಸಾದವರಿಗೆ ಎರಡು ವರ್ಷದ ವಿಶೇಷ ಡಿ.ಎಡ್. ಇದೆ. ಡಿಗ್ರಿ ಆದವರಿಗೆ ವಿಶೇಷ ಬಿ.ಎಡ್. ಬುದ್ಧಿ ಬೆಳವಣಿಗೆಯ ತೊಂದರೆಯ ವಿಭಾಗಕ್ಕೆ 1984ರಲ್ಲಿ ಶುರುವಾದ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಹೆಸರಾದದ್ದು. ಕಿವುಡು ಮಕ್ಕಳ ವಿಭಾಗಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, 1965ರದು. ಓದಿ ಮುಗಿಸಿ ಹೆಸರು ಬರೆಸಿದ ಮೇಲೂ ಆಗಾಗ ಮರುತರಬೇತಿ ಪಡೆದು ನೋಂದಣಿ ನವೀಕರಿಸಿಕೊಳ್ಳಬೇಕು.

ಇಲ್ಲೊಂದು ಎಚ್ಚರಿಕೆ. ನನ್ನ ಸೋದರಮಾವನ ಮಗಳು ಪಟ್ಟಣದ ಒಂದು ಸಂಸ್ಥೆಗೆ ರೇಷ್ಮೆಗೂಡು ಮಾರಿದ ದುಡ್ಡು ಕಟ್ಟಿ ಒಂದು ವರ್ಷ ಓದಿದಳು. ಫ್ರೇಮು ಹಾಕಿಸುವಂಥ ಸರ್ಟಿಫಿಕೇಟು ಸಿಕ್ಕಿತು. ನೋಂದಣಿಗೆ ಹೋದಾಗ ಆ ಕೋರ್ಸಿಗೆ ಮಂಡಳಿಯ ಮಾನ್ಯತೆಯೇ ಇಲ್ಲ ಎಂಬ ಉತ್ತರ ಬಂತು. ಫೀಸು ಕಟ್ಟುವ ಮೊದಲು ಮಂಡಳಿಯ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಮಾನ್ಯತೆಯ ವರ್ಷ ಮೂರನ್ನೂ ನೋಡಿ. ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೇಲಿನ ತಾರೀಖು ನೋಡುವುದಿಲ್ಲವೇ?

ಕೆಲಸ ಸಿಗುತ್ತದೆಯೇ ಎಂಬುದು ಎಲ್ಲ ತಂದೆಯರ ಪ್ರಶ್ನೆ. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ, ಹುದ್ದೆ ಮಂಜೂರು ಮಾಡಿ ಎಂದು ರಾಜ್ಯಗಳಿಗೆ ಗಡುವು ಹಾಕಿತು. ಅದೇ ವರ್ಷ ಆಂಧ್ರ ಸರಕಾರ ಹೊಸದಾಗಿ 2,260 ಹುದ್ದೆ ಸೃಷ್ಟಿಸಿತು. ಅವರಲ್ಲಿ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಯ ಕಡೆಗೆ ಬರುವವರಿಗೆ ಕನ್ನಡ ಬರಬೇಕು ಎಂದು ನಾವು ಬಾಯಿಬಿಟ್ಟು ಕೇಳಬೇಕು. ಕೇಳದೆ ಯಾರೂ ಕೊಡುವುದಿಲ್ಲ.

ಅಜ್ಜಿಯ ಎದುರುಮನೆ ಹುಡುಗಿ ಈ ವರ್ಷ ಇಂಟರ್ ಮುಗಿಸಿದ್ದಾಳೆ. ಎರಡೂ ಭಾಷೆ ಓದಿ ಬರೆಯುತ್ತಾಳೆ, ಹುಡುಗ ಅವಳ ಮಾತು ಕೇಳುತ್ತಾನೆ. ಡಿ.ಎಡ್. ವಿಷಯ ಅವಳ ತಂದೆಗೆ ಹೇಳಿದೆ. ಹಾಸ್ಟೆಲು, ಬಸ್ಸು, ಫೀಸು ಎಲ್ಲ ವಿಚಾರಿಸಿಕೊಂಡು, ‘ಕಡ್ಲೆಕಾಯಿ ಕೈಗೆ ಬರ್ಲಿ ಕಣಣ್ಣಾ, ನೋಡಾನ’ ಅಂದರು. ಜಗಲಿ ಮೇಲೆ ಕೂತಿದ್ದ ಅಜ್ಜಿ, ‘ಎರಡು ವರ್ಷವೇ? ಅಲ್ಲೀಗಂಟ ಇವನಿಗೆ ಯಾರಪ್ಪಾ ಹೇಳ್ಕೊಡೋರು?’ ಅಂತ ನನ್ನನ್ನೇ ಕೇಳಿದಳು.