ಕಳಚಿದ ಚೈನು

ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ಲುಗಳು ಬೀದಿಗಿಳಿದಾಗ ಸಹೋದ್ಯೋಗಿಗಳು, ‘ನಿಮ್ಮ ಕುಲ ಬೆಳೆಯಿತು ಬಿಡಿ’ ಎಂದು ನಕ್ಕಿದ್ದರು. ನನ್ನದು ಅದಕ್ಕೂ ಹಿರಿಯ ಸ್ವಂತ ಸೈಕಲ್ಲು. ಕಾಲೇಜಿಗೆ ಇಂದಿಗೂ ಅದೇ ವಾಹನ. ಕುಕ್ಕರಹಳ್ಳಿ ಕೆರೆಯ ಕಡೆಯ ಏರಿನಲ್ಲಿ ಎದುರುಗಾಳಿ, ಬೆನ್ನಿಗೆ ಬಸ್ಸಿನ ಹಾರನ್ನು. ಅಲ್ಲಿಯೇ ಮೊನ್ನೆ ಚೈನು ಕಳಚಿತು. ಮೊದಲ ಪಾಠಕ್ಕೆ ಹತ್ತೇ ನಿಮಿಷ.

ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ವೃದ್ಧರೊಬ್ಬರು ಸೈಕಲ್ಲಿನಿಂದ ಇಳಿದರು. ‘ಬಿಳೀ ಅಂಗಿ ಮೇಷ್ಟ್ರೇ, ನೀವು ಮುಟ್ಬ್ಯಾಡಿ’ ಎಂದವರೇ ಚೈನನ್ನು ಹಲ್ಲಿಗೆ ಕೂರಿಸಿ ಪೆಡಲು ತಿರುಗಿಸಿದರು. ಮಸಿಗೈಯನ್ನು ಹುಲ್ಲಿಗೆ ಒರೆಸಿಕೊಂಡರು. ನಾನು ಕೃತಜ್ಞತೆ ಹೇಳುವಷ್ಟರಲ್ಲಿ ಬೆಲ್ಲು ಬಾರಿಸುತ್ತ ಹೊರಟೇಹೋದರು.

ಹಿಂದಿನ ವಾರ ಇದೇ ಏರಿನಲ್ಲಿ ಹುಡುಗನೊಬ್ಬ ಕಳಚಿದ ಚೈನು ಹಿಡಿದು ಕುಳಿತಿದ್ದ. ಹಾಜರಿ ಪುಸ್ತಕವನ್ನು ನೆನೆದು, ಬೆಲ್ಲು ಬಾರಿಸಿ, ನಾನು ಅವನನ್ನು ದಾಟಿ ಬಂದಿದ್ದೆ.