ಕ್ಯಾಮೆರಾದ ಆಚೆ ಈಚೆ

ಒಂದು ಕಲಾಕೃತಿಗೆ ಒಬ್ಬನೇ ಒಡೆಯ ಇರಬೇಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇಬ್ಬರ ಹೆಸರು ಕಂಡರೆ, ಇವರಲ್ಲಿ ನಿಜವಾದ ಕಲಾವಿದರು ಯಾರು ಎಂದು ಹುಡುಕತೊಡಗುತ್ತೇವೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ರಿಂದ 2004ರವರೆಗೆ ಕೂಡಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಚಿತ್ರಮಾಲೆಯಲ್ಲಿ ಆ ಹುಡುಕಾಟ ಕೈಗೂಡುವುದಿಲ್ಲ. ಪುಷ್ಪಮಾಲಾ ವೇಷ ಕಟ್ಟಿ ನಿಲ್ಲುತ್ತಾರೆ, ಆರ್ನಿ ಫೋಟೊ ತೆಗೆಯುತ್ತಾರೆ. ರವಿವರ್ಮನ ಲಕ್ಷ್ಮಿ, ವೇಲಾಂಕಣ್ಣಿ ಮಾತೆ, ಚಾಟಿ ಹಿಡಿದ ತಮಿಳು ಸಿನಿಮಾ ನಾಯಕಿ, ಪತ್ರಿಕೆಯಲ್ಲಿ ಅಚ್ಚಾದ ಕಳ್ಳಿ, 17ನೇ ಶತಮಾನದ ಆರಂಭದ ಬಿಜಾಪುರದ ಯೋಗಿನಿ ಎಲ್ಲರೂ ಒಂದೇ ಮುಖ ಹೊತ್ತು ಬರುತ್ತಾರೆ.

ಈ ಜೊತೆಗಾರಿಕೆ ಕೆಲಸದ ಅನುಕೂಲಕ್ಕೆ ಮಾಡಿಕೊಂಡದ್ದಲ್ಲ, ಕೃತಿಯ ವಸ್ತುವೇ ಅದು. ವಸಾಹತು ಕಾಲದಲ್ಲಿ ಜನರನ್ನು ವರ್ಗೀಕರಿಸಲು ತೆಗೆದ ಫೋಟೊಗಳ ಜೊತೆ ಇಟ್ಟು ನೋಡಿದರೆ ಇದು ತಿಳಿಯುತ್ತದೆ. 1869ರಲ್ಲಿ ಲ್ಯಾಂಪ್ರಿ ಎಂಬಾತ ಮರದ ಚೌಕಟ್ಟಿಗೆ ಎರಡೆರಡು ಇಂಚಿನ ಅಂತರದಲ್ಲಿ ದಾರ ಬಿಗಿದು, ಅದರ ಮುಂದೆ ಜನರನ್ನು ಬೆತ್ತಲೆ ನಿಲ್ಲಿಸಿ ಮೈ ಅಳೆಯುವ ವಿಧಾನ ಸೂಚಿಸಿದ್ದ. ಅಂಥ ಫೋಟೊಗಳಲ್ಲಿ ನಿಂತವರಿಗೆ ಹೆಸರಿಲ್ಲ, ಹೇಗೆ ನಿಲ್ಲಬೇಕೆಂದು ಹೇಳುವ ಹಕ್ಕೂ ಇಲ್ಲ. ಈ ಚಿತ್ರಮಾಲೆಯಲ್ಲೂ ಚೌಕಳಿಯ ಹಿನ್ನೆಲೆಯಿದೆ, ಅಳತೆಯಿದೆ. ಆದರೆ ಹೇಗೆ ನಿಲ್ಲಬೇಕೆಂದು ತೀರ್ಮಾನಿಸಿದವಳು ಅಳೆಸಿಕೊಳ್ಳುವವಳೇ. ಕ್ಯಾಮೆರಾದ ಹಿಂದಿರುವವರು ಬಿಳಿಯ ಹೆಣ್ಣುಮಗಳು ಎಂಬುದು ಹಳೆಯ ಯಜಮಾನಿಕೆಯನ್ನು ನೆನಪಿಸುತ್ತಲೇ ಅಣಕಿಸುತ್ತದೆ. ಒಬ್ಬರೇ ಮಾಡಿದ್ದರೆ ಈ ಅಣಕಕ್ಕೆ ಅರ್ಧ ಮೊನೆಯೂ ಇರುತ್ತಿರಲಿಲ್ಲ.

ಯೋಚನೆ ಪುಷ್ಪಮಾಲಾ ಅವರದು, ಆರ್ನಿ ಗುಂಡಿ ಒತ್ತಿದವರಷ್ಟೇ ಎನ್ನುವವರಿದ್ದಾರೆ. ಆದರೆ ವೇಷ ಹಾಕಿ ನಿಂತವರಿಗೆ ಚೌಕಟ್ಟಿನೊಳಗೆ ತಾವು ಹೇಗೆ ಕಾಣುತ್ತಿದ್ದೇವೆಂದು ತಿಳಿಯುವುದಿಲ್ಲ. ಅದೇ ಮುಖ ಒಮ್ಮೆ ಕ್ಯಾಲೆಂಡರಿನ ದೇವಿಯಾಗಿ, ಒಮ್ಮೆ ಪೊಲೀಸ್ ಠಾಣೆಯ ಕಳ್ಳಿಯಾಗಿ ಕಾಣಬೇಕಾದರೆ ಬೆಳಕೂ ವೇಷ ಬದಲಿಸಬೇಕು. ಶಿಲ್ಪಕಲೆ ಕಲಿತು ಬಂದ ಪುಷ್ಪಮಾಲಾ ಇದನ್ನು ಚೆನ್ನಾಗಿ ಬಲ್ಲರು. ತಮ್ಮ ಇನ್ನೊಂದು ಕೃತಿಯಾದ ‘ನವರಸ’ದ ಚಿತ್ರಗಳಿಗೆ, ಹಿಂದೆ ಸಿನಿಮಾ ತಾರೆಯರ ಫೋಟೊ ತೆಗೆಯುತ್ತಿದ್ದ ಮುಂಬೈಯ ಸ್ಟುಡಿಯೊ ಛಾಯಾಗ್ರಾಹಕ ಜೆ. ಎಚ್. ಠಕ್ಕರ್ ಅವರ ಜೊತೆ ಸೇರಿದ್ದೂ ಅದಕ್ಕೇ. ಚಿತ್ರ ತಯಾರಾದ ಬಗೆಯನ್ನು ತೋರಿಸುವ ಫೋಟೊಗಳೂ ‘ನೇಟಿವ್ ವಿಮೆನ್’ ಚಿತ್ರಮಾಲೆಯ ಒಂದು ಭಾಗ. ಹಾಗಾಗಿ ಯಾರ ಕೈಯೂ ಮರೆಯಾಗಿಲ್ಲ.

ಈ ಚಿತ್ರಮಾಲೆಯಲ್ಲಿ ನಗರದ ಓದಿದ ಹೆಣ್ಣು ಹಳೆಯ ಫೋಟೊದಲ್ಲಿದ್ದ ನೀಲಗಿರಿಯ ತೋಡ ಬುಡಕಟ್ಟಿನ ಹೆಣ್ಣಿನ ವೇಷ ಹಾಕುವುದು ಸರಿಯೇ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಮುಖ ಒಂದೇ ಆಗಿರುವುದರಿಂದ ಇದು ವೇಷವೆಂದು ನೋಡುವವರಿಗೆ ಗೊತ್ತಾಗುತ್ತದೆ, ‘ಬುಡಕಟ್ಟು ಹೆಣ್ಣು’ ಎಂಬ ಅಚ್ಚು ಉಡುಗೆ ಮತ್ತು ಭಂಗಿಗಳಿಂದ ಕಟ್ಟಿದ್ದೆಂದೂ ತಿಳಿಯುತ್ತದೆ. ಅಷ್ಟರಮಟ್ಟಿಗೆ ಉತ್ತರವಿದೆ. ಹಳೆಯ ಫೋಟೊದಲ್ಲಿ ನಿಂತಿದ್ದ ಆ ಹೆಣ್ಣು ಮಾತ್ರ ಈ ಜೊತೆಗಾರಿಕೆಯಲ್ಲೂ ಪಾಲುದಾರಳಲ್ಲ.